ಸೇಲ್ಸ್ ಇಂಟರ್‌ವ್ಯೂಗೆ ಹೊರಟಿದ್ದೀರಾ? ಹೇಳೋದಕ್ಕಿಂತ ಕೇಳೋದು ಜಾಸ್ತಿ ಇರಲಿ

ಕೋರಮಂಗಲದ ಒಂದು ಸಣ್ಣ ಆಫೀಸು. ಎರಡನೇ ಮಹಡಿ. ಮೂಲೆಯಲ್ಲಿ 20 ಲೀಟರಿನ ವಾಟರ್ ಕ್ಯಾನು ಬೋರಲಾಗಿ ಕೂತಿತ್ತು. ಮ್ಯಾನೇಜರ್ ಅದರ ಕಡೆ ಕೈ ತೋರಿಸಿ, "ಈ ಕ್ಯಾನು ನನಗೆ ಮಾರಿ, ನೋಡೋಣ" ಅಂದರು. ನಾನು ಶುರು ಮಾಡಿದೆ. ನೀರು ಎಷ್ಟು ಶುದ್ಧ, ಸೀಲ್ ಹೇಗಿರುತ್ತೆ, ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಮೇಲಕ್ಕೇ ತಂದು ಕೊಡುತ್ತೇವೆ, ಎಲ್ಲಾ ಹೇಳಿದೆ. ನಾಲ್ಕು ನಿಮಿಷ ಬಿಡದೆ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಈ ಆಫೀಸಲ್ಲಿ ಎಷ್ಟು ಜನ ಇದ್ದೀವಿ, ದಿನಕ್ಕೆ ಎಷ್ಟು ಕ್ಯಾನ್ ಬೇಕು, ಈಗ ಯಾರ ಹತ್ತಿರ ತಗೋತಿದ್ದೀವಿ, ಒಂದಾದರೂ ಕೇಳಿದ್ರಾ?"

ಆ ಕೆಲಸ ನನಗೆ ಸಿಗಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಹತ್ತಾರು ಇಂಟರ್‌ವ್ಯೂ ಕೊಟ್ಟೆ. ಮೊಬೈಲ್ ಆಕ್ಸೆಸರೀಸ್ ಮಾರಿದೆ, ಬಿಸ್ಕತ್ತು, ಸೋಪು ಮಾರಿದೆ. ಈಗ ಕೆಲವು ವರ್ಷಗಳಿಂದ ಮೇಜಿನ ಆ ಕಡೆ ಕೂತು ಹುಡುಗ ಹುಡುಗಿಯರನ್ನು ಕೆಲಸಕ್ಕೆ ಆರಿಸುತ್ತಿದ್ದೇನೆ. ಎರಡೂ ಕಡೆ ಕೂತು ನನಗೆ ಗೊತ್ತಾಗಿದ್ದು ಇಷ್ಟು. ಪ್ರಶ್ನೆ ಹಾಕುವುದಕ್ಕೂ, ಕಿವಿಗೊಡುವುದಕ್ಕೂ ನಮ್ಮ ಭಾಷೆಯಲ್ಲಿ ಇರುವುದು ಒಂದೇ ಮಾತು, 'ಕೇಳು'. ಸೇಲ್ಸ್ ಇಂಟರ್‌ವ್ಯೂನಲ್ಲಿ ಈ ಎರಡೂ ಕೇಳುವಿಕೆ ಬೇಕು. ಹೆಚ್ಚಿನವರು ಎರಡನ್ನೂ ಬಿಟ್ಟು ಬರೀ ಮಾತಾಡಿ ಎದ್ದು ಹೋಗುತ್ತಾರೆ.

ಮೊದಲ ಹೆಜ್ಜೆ: ಫೋನ್ ಬಂದಾಗಲೇ ಕೇಳಿ

ಕನ್ಸಲ್ಟೆನ್ಸಿಯವರೋ ಎಚ್‌ಆರ್ ಅವರೋ ಫೋನ್ ಮಾಡಿ "ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯೂಟಿವ್ ಪೋಸ್ಟ್ ಇದೆ, ನಾಳೆ ಹತ್ತು ಗಂಟೆಗೆ ಬನ್ನಿ" ಅನ್ನುತ್ತಾರೆ. ಆ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ದಿನವಿಡೀ ಹೆಡ್‌ಸೆಟ್ ಹಾಕಿಕೊಂಡು ಕಾಲ್ ಮಾಡುವ ಇನ್‌ಸೈಡ್ ಸೇಲ್ಸ್ ಇರಬಹುದು. ಗಾಡಿ ಮೇಲೆ ಅಂಗಡಿ ಅಂಗಡಿ ತಿರುಗುವ ಫೀಲ್ಡ್ ಸೇಲ್ಸ್ ಇರಬಹುದು. ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಛತ್ರಿ ಹಾಕಿ ನಿಲ್ಲುವ ಕೆಲಸವೂ ಇರಬಹುದು. 'ಮ್ಯಾನೇಜ್‌ಮೆಂಟ್ ಟ್ರೈನಿ' ಅಂತ ಕರೆದು ಕ್ರೆಡಿಟ್ ಕಾರ್ಡ್ ಮಾರಲು ಕಳಿಸಿದ್ದನ್ನೂ ನೋಡಿದ್ದೇನೆ.

ಹಾಗಾಗಿ ಫೋನ್ ಇಡುವ ಮುಂಚೆ ಇಷ್ಟು ಕೇಳಿ. ಏನು ಮಾರಬೇಕು? ಯಾರಿಗೆ ಮಾರಬೇಕು, ಅಂಗಡಿಯವರಿಗಾ, ಕಂಪನಿಗಳಿಗಾ, ಮನೆಯವರಿಗಾ? ಫೀಲ್ಡಾ, ಆಫೀಸಾ? ಸ್ವಂತ ಬೈಕ್ ಬೇಕಾ? ಫಿಕ್ಸೆಡ್ ಸಂಬಳ ಇದೆಯಾ ಅಥವಾ ಬರೀ ಕಮಿಷನ್ನಾ? ಈ ಐದಕ್ಕೆ ಉತ್ತರ ಕೊಡದೆ "ಬನ್ನಿ ಸರ್, ಇಲ್ಲಿ ಮಾತಾಡೋಣ" ಅಂತ ಮೂರು ಸಲ ಹೇಳಿದರೆ ಆ ದಿನದ ಬಸ್ ಚಾರ್ಜ್ ಉಳಿಸಿಕೊಳ್ಳಿ.

ಕಂಪನಿ ನಿಜವಾಗಿ ಇದೆಯಾ?

ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ನೋಂದಣಿ ಇದೆಯಾ ಅಂತ ತಿಳಿಯುತ್ತದೆ. ಜಿಎಸ್‌ಟಿ ನಂಬರ್ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ. ಮ್ಯಾಪ್‌ನಲ್ಲಿ ಅವರು ಕೊಟ್ಟ ವಿಳಾಸ ನೋಡಿ.

ರಿಜಿಸ್ಟ್ರೇಷನ್ ಫೀಸ್, ಟ್ರೈನಿಂಗ್ ಕಿಟ್, ಐಡಿ ಕಾರ್ಡ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಯಾವ ಹೆಸರಿನಲ್ಲೂ ದುಡ್ಡು ಕೊಡಬೇಡಿ. ಒಂದು ಸಾವಿರವೂ ಬೇಡ, ಐನೂರೂ ಬೇಡ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. "ಮೊದಲು ನೀವೇ ಪ್ರಾಡಕ್ಟ್ ತಗೊಳ್ಳಿ, ಆಮೇಲೆ ನಾಲ್ಕು ಜನರನ್ನು ಸೇರಿಸಿ" ಅಂದರೆ ಅದು ಸೇಲ್ಸ್ ಕೆಲಸವೇ ಅಲ್ಲ, ಚೈನ್ ಸ್ಕೀಮ್. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ ಇಂಥ ಪಿರಮಿಡ್ ಸ್ಕೀಮ್‌ಗೆ ಅವಕಾಶ ಇಲ್ಲ, ಸೇರಲು ಶುಲ್ಕ ತೆಗೆದುಕೊಳ್ಳುವುದಕ್ಕೂ ಇಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಆ ದುಡ್ಡನ್ನು ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

ಹೋಮ್‌ವರ್ಕ್ ಮಾಡುವ ಜಾಗ ಅಂಗಡಿ

ಕಂಪನಿಯ ವೆಬ್‌ಸೈಟ್ ಓದಿಕೊಂಡು ಬರುವವರು ಬೇಕಾದಷ್ಟು ಜನ. ಯಾವ ವರ್ಷ ಶುರುವಾಯಿತು, ಯಾರು ಶುರು ಮಾಡಿದರು ಅಂತ ಒಪ್ಪಿಸುತ್ತಾರೆ. ತಪ್ಪೇನಿಲ್ಲ, ಆದರೆ ಅದು ನಮಗೂ ಗೊತ್ತಿರುವ ವಿಷಯ ಅಲ್ವಾ?

ತುಮಕೂರು ಕಡೆಯ ಒಬ್ಬ ಹುಡುಗಿ ನಮ್ಮಲ್ಲಿಗೆ ಇಂಟರ್‌ವ್ಯೂಗೆ ಬಂದಿದ್ದಳು. ಬಿಕಾಂ ಆಗಿತ್ತು. ಅನುಭವ ಏನೂ ಇರಲಿಲ್ಲ. ಬ್ಯಾಗಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದಳು. ಹಿಂದಿನ ದಿನ ಸಂಜೆ ಕಾಮಾಕ್ಷಿಪಾಳ್ಯದಲ್ಲಿ ಆರು ದಿನಸಿ ಅಂಗಡಿಗೆ ಹೋಗಿ ಬಂದಿದ್ದಳಂತೆ. ಪುಟದಲ್ಲಿ ಗೆರೆ ಹಾಕಿ ಬರೆದುಕೊಂಡಿದ್ದಳು. ನಮ್ಮ ಸೋಪು ಆರರಲ್ಲಿ ನಾಲ್ಕು ಅಂಗಡಿಯಲ್ಲಿ ಇದೆ. ಎರಡರಲ್ಲಿ ಕೆಳಗಿನ ಸಾಲಿನಲ್ಲಿ ಬಿದ್ದಿದೆ, ಗಿರಾಕಿ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ಅಂಗಡಿಯವರು, "ಎಕ್ಸ್‌ಪೈರಿ ಆದ ಮಾಲು ವಾಪಸ್ ತಗೊಳ್ಳಲ್ಲ, ಅದಕ್ಕೇ ಜಾಸ್ತಿ ಇಡಲ್ಲಮ್ಮ" ಅಂದರಂತೆ. ಇನ್ನೊಬ್ಬರು, "ನಿಮ್ಮ ಹುಡುಗ ಹದಿನೈದು ದಿನಕ್ಕೊಮ್ಮೆ ಬರ್ತಾನೆ, ಬೇರೆ ಕಂಪನಿ ಹುಡುಗ ವಾರಕ್ಕೊಮ್ಮೆ" ಅಂದರಂತೆ. ನಮ್ಮ ಏರಿಯಾ ಮ್ಯಾನೇಜರ್‌ಗೇ ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದಳು. ಕೆಲಸ ಅವಳಿಗೇ ಸಿಕ್ಕಿತು.

ನೀವೂ ಹೀಗೇ ಮಾಡಿ. ಅಂಗಡಿಗೆ ಹೋದಾಗ ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಒಳ್ಳೆಯ ಸಮಯ. ಒಂದು ಪ್ಯಾಕೆಟ್ ಬಿಸ್ಕತ್ತಾದರೂ ತಗೊಳ್ಳಿ. "ಅಣ್ಣಾ, ನಾಳೆ ಈ ಕಂಪನಿಲಿ ಇಂಟರ್‌ವ್ಯೂ ಇದೆ, ಈ ಮಾಲು ಹೇಗೆ ಹೋಗುತ್ತೆ?" ಅಂತ ಇದ್ದದ್ದು ಇದ್ದ ಹಾಗೆ ಕೇಳಿ. ಮುಚ್ಚಿಟ್ಟು ಕೇಳುವುದಕ್ಕಿಂತ ಹೀಗೆ ಕೇಳಿದರೆ ಜನ ಮನಸ್ಸು ಬಿಚ್ಚಿ ಹೇಳುತ್ತಾರೆ.

ಎಲೆಕ್ಟ್ರಾನಿಕ್ಸ್ ಆದರೆ ಎಸ್‌ಪಿ ರೋಡ್, ಬಟ್ಟೆ ಆದರೆ ಚಿಕ್ಕಪೇಟೆ ಸುತ್ತಿ ಬನ್ನಿ. ಸಾಫ್ಟ್‌ವೇರ್ ಮಾರುವ ಕಂಪನಿ ಆದರೆ ಫ್ರೀ ಟ್ರಯಲ್ ಇದ್ದರೆ ಹಾಕಿಕೊಂಡು ನೋಡಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆದಿಟ್ಟುಕೊಳ್ಳಿ. ಮನೆ, ಸೈಟು ಮಾರುವ ಕಡೆ ಹೋಗುತ್ತಿದ್ದರೆ ಆ ಪ್ರಾಜೆಕ್ಟ್ ಕರ್ನಾಟಕ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದೆಯಾ ಅಂತ ಅವರ ವೆಬ್‌ಸೈಟಿನಲ್ಲೇ ನೋಡಬಹುದು.

ಆ ದಿನ ಬೆಳಿಗ್ಗೆ

ಈ ಊರಲ್ಲಿ ದೂರ ಲೆಕ್ಕ ಹಾಕುವುದು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ. ಸಾಧ್ಯವಾದಷ್ಟು ಮೆಟ್ರೋ ಹಿಡಿಯಿರಿ. ವೈಟ್‌ಫೀಲ್ಡ್ ಕಡೆಗೆ ನೇರಳೆ ಮಾರ್ಗ, ಪೀಣ್ಯ ಕಡೆಗೆ ಹಸಿರು ಮಾರ್ಗ ಇದೆ. 2025ರ ಆಗಸ್ಟ್‌ನಿಂದ ಆರ್‌ವಿ ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಓಡುತ್ತಿದೆ, ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಅದು ದೊಡ್ಡ ಅನುಕೂಲ. ಅರ್ಧ ಗಂಟೆ ಮುಂಚೆ ತಲುಪಿ, ಪಕ್ಕದ ದರ್ಶಿನಿಯಲ್ಲಿ ಒಂದು ಕಾಫಿ ಕುಡಿದು, ಮುಖ ತೊಳೆದು ಒಳಗೆ ಹೋಗಿ. ಇಸ್ತ್ರಿ ಮಾಡಿದ ಬಟ್ಟೆ, ಒರೆಸಿದ ಶೂ ಸಾಕು. ಟೈ ಕೇಳಿದರೆ ಮಾತ್ರ ಹಾಕಿ.

ಒಳಗೆ ಕೂತ ಮೇಲೆ

"ನಿಮ್ಮ ಬಗ್ಗೆ ಹೇಳಿ" ಅಂದಾಗ ಹುಟ್ಟಿದ ಊರಿನಿಂದ ಶುರು ಮಾಡಬೇಡಿ. ಈಗ ಏನು ಮಾಡುತ್ತಿದ್ದೀರಿ, ಏನು ಮಾರಿದ್ದೀರಿ, ಎಷ್ಟು ಮಾರಿದ್ದೀರಿ, ಈ ಕೆಲಸ ಯಾಕೆ ಬೇಕು, ಇಷ್ಟನ್ನು ಒಂದೂವರೆ ನಿಮಿಷದಲ್ಲಿ ಹೇಳಿ ನಿಲ್ಲಿಸಿ.

ಅನುಭವ ಇರುವವರು ಅಂಕಿ ಹೇಳಲೇಬೇಕು. "ಟಾರ್ಗೆಟ್ ಚೆನ್ನಾಗಿ ಮಾಡ್ತಿದ್ದೆ" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. "ತಿಂಗಳಿಗೆ ಆರು ಲಕ್ಷ ಟಾರ್ಗೆಟ್ ಇತ್ತು, ಕೊನೆಯ ಆರು ತಿಂಗಳಲ್ಲಿ ನಾಲ್ಕು ತಿಂಗಳು ಮುಟ್ಟಿದೆ, ಎರಡು ತಿಂಗಳು ಬಿಟ್ಟುಹೋಯಿತು" ಅನ್ನಿ. ಆ ಎರಡು ತಿಂಗಳು ಯಾಕೆ ಬಿಟ್ಟುಹೋಯಿತು ಅಂತ ನಾವು ಖಂಡಿತ ಕೇಳುತ್ತೇವೆ. ನಿಜ ಹೇಳಿ. ಎಲ್ಲಾ ತಿಂಗಳೂ ಟಾರ್ಗೆಟ್ ಮುಟ್ಟಿದೆ ಅನ್ನುವವರ ಮಾತನ್ನು ಹಳೆಯ ಸೇಲ್ಸ್‌ನವರು ಯಾರೂ ನಂಬುವುದಿಲ್ಲ.

ಫ್ರೆಶರ್‌ಗಳು "ನನಗೆ ಅನುಭವ ಇಲ್ಲ ಸರ್" ಅಂತ ತಲೆ ತಗ್ಗಿಸುತ್ತಾರೆ. ಗಣೇಶನ ಹಬ್ಬಕ್ಕೆ ಬೀದಿಯಲ್ಲಿ ಚಂದಾ ಎತ್ತಿದ್ದೀರಾ? ಮನೆ ಮನೆ ಬಾಗಿಲು ತಟ್ಟಿ, "ಹೋದ ವರ್ಷ ಕೊಟ್ಟೆವಲ್ಲ" ಅನ್ನುವವರ ಹತ್ತಿರ ನೂರು ರೂಪಾಯಿ ಇಸ್ಕೊಂಡು ರಸೀದಿ ಹರಿದುಕೊಟ್ಟಿದ್ದೀರಾ? ಅದೇ ಸೇಲ್ಸ್. ಅಪ್ಪನ ಅಂಗಡಿಯಲ್ಲಿ ಕೂತಿದ್ದರೆ, ಸಂತೆಯಲ್ಲಿ ತರಕಾರಿ ಮಾರಿದ್ದರೆ, ಕಾಲೇಜು ಫೆಸ್ಟ್‌ಗೆ ಸ್ಪಾನ್ಸರ್ ಹುಡುಕಿದ್ದರೆ ಅದನ್ನು ವಿವರವಾಗಿ ಹೇಳಿ. ಎಷ್ಟು ಮನೆಗೆ ಹೋದಿರಿ, ಎಷ್ಟು ಜನ ಇಲ್ಲ ಅಂದರು, ಇಲ್ಲ ಅಂದವರು ಆಮೇಲೆ ಹೇಗೆ ಒಪ್ಪಿದರು, ಇದೆಲ್ಲಾ ಹೇಳಿ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಒಂದು ಮಾತು. ಐಟಿ ಕಂಪನಿಗಳಿಗೆ ಸಾಫ್ಟ್‌ವೇರ್ ಮಾರುವ ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು, ಅದನ್ನು ಕಲಿಯಬೇಕು. ಆದರೆ ಅಂಗಡಿ, ಡಿಸ್ಟ್ರಿಬ್ಯೂಟರ್, ಆಸ್ಪತ್ರೆ, ಸಣ್ಣ ಫ್ಯಾಕ್ಟರಿಗಳ ಜೊತೆ ವ್ಯವಹಾರ ಇರುವ ಕೆಲಸದಲ್ಲಿ ನಿಮ್ಮ ಭಾಷೆಗಳೇ ನಿಮ್ಮ ಬಂಡವಾಳ. ಕನ್ನಡದ ಜೊತೆ ತೆಲುಗು, ತಮಿಳು, ಉರ್ದು, ಹಿಂದಿಯಲ್ಲಿ ಯಾವುದು ಬರುತ್ತದೋ ಅದನ್ನು ರೆಸ್ಯೂಮೆಯ ಮೇಲುಗಡೆಯೇ ಬರೆಯಿರಿ. ಇಂಟರ್‌ವ್ಯೂನಲ್ಲಿ ಮಾತು ಸಿಕ್ಕಿಹಾಕಿಕೊಂಡರೆ, "ಸರ್, ಇದನ್ನು ಕನ್ನಡದಲ್ಲಿ ಹೇಳಲಾ?" ಅಂತ ಧೈರ್ಯವಾಗಿ ಕೇಳಿ. ನಾನು ಯಾವತ್ತೂ ಬೇಡ ಅಂದಿಲ್ಲ.

"ಇದನ್ನು ನನಗೆ ಮಾರಿ"

ಪೆನ್ನೋ, ನೀರಿನ ಬಾಟಲಿಯೋ, ಮೇಜಿನ ಮೇಲಿರುವ ಕ್ಯಾಲ್ಕುಲೇಟರೋ ಕೈಗೆ ಕೊಡುತ್ತಾರೆ. ಇದಕ್ಕೆ ಹೆದರುವವರು ಬಹಳ. ಮಾಡಬೇಕಾದ್ದು ಸುಲಭ. ವಸ್ತುವನ್ನು ಕೆಳಗಿಡಿ. ಮೊದಲು ಎರಡು ಮೂರು ಪ್ರಶ್ನೆ ಹಾಕಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ.

ಆ ವಾಟರ್ ಕ್ಯಾನನ್ನು ಇವತ್ತು ನನ್ನ ಕೈಗೆ ಕೊಟ್ಟರೆ ನಾನು ಹೀಗೆ ಮಾಡುತ್ತೇನೆ.

"ಸರ್, ಈಗ ನೀರು ಎಲ್ಲಿಂದ ತರಿಸ್ತೀರಿ?"
"ಪಕ್ಕದ ರೋಡಿಂದ. ಚೆನ್ನಾಗೇ ಇದೆ."
"ಒಳ್ಳೇದು. ಯಾವತ್ತಾದರೂ ಹೊತ್ತಿಗೆ ಸರಿಯಾಗಿ ಬರದೇ ಇದ್ದದ್ದು ಇದೆಯಾ?"
"ಭಾನುವಾರ ಬರಲ್ಲ. ಬೇಸಿಗೆಯಲ್ಲಿ ಸ್ವಲ್ಪ ಕಷ್ಟ ಆಯ್ತು."
"ಭಾನುವಾರ ಆಫೀಸಲ್ಲಿ ಎಷ್ಟು ಜನ ಇರ್ತೀರಿ?"
"ಹತ್ತು ಜನ."
"ಹಾಗಾದರೆ ಈಗಿರುವವರನ್ನು ಬಿಡೋದು ಬೇಡ ಸರ್. ಭಾನುವಾರದ್ದು ಮಾತ್ರ ನನಗೆ ಕೊಡಿ. ಶನಿವಾರ ಸಂಜೆ ಎರಡು ಕ್ಯಾನ್ ಇಟ್ಟು ಹೋಗ್ತೀನಿ. ಈ ವಾರದಿಂದಲೇ ಶುರು ಮಾಡೋಣವಾ?"

ನೀರಿನ ಶುದ್ಧತೆಯ ಬಗ್ಗೆ ಇಲ್ಲಿ ಒಂದು ಮಾತೂ ಬರಲಿಲ್ಲ ನೋಡಿ. ಅವರಿಗೆ ಅದು ತೊಂದರೆಯೇ ಆಗಿರಲಿಲ್ಲ. ಕೊನೆಯ ವಾಕ್ಯವನ್ನು ಮರೆಯಬೇಡಿ. ಆರ್ಡರ್ ಕೊಡಿ ಅಂತ ಬಾಯಿಬಿಟ್ಟು ಕೇಳಬೇಕು. ಚೆನ್ನಾಗಿ ಮಾತಾಡಿ ಆರ್ಡರ್ ಕೇಳದೆ ಎದ್ದು ಹೋದವರನ್ನು ನಾನು ಎಷ್ಟೋ ಸಲ ಬೇಜಾರಿನಿಂದಲೇ ಬಿಟ್ಟಿದ್ದೇನೆ.

"ರೇಟು ಜಾಸ್ತಿ ಆಯ್ತು" ಅಂತ ಅವರು ಬೇಕಂತಲೇ ಅನ್ನುತ್ತಾರೆ. ತಕ್ಷಣ ರೇಟು ಇಳಿಸಬೇಡಿ. "ಯಾವುದಕ್ಕೆ ಹೋಲಿಸಿದರೆ ಜಾಸ್ತಿ ಅನ್ನಿಸ್ತಿದೆ ಸರ್?" ಅಂತ ಕೇಳಿ ಸುಮ್ನೆ ಇರಿ. ಆ ಮೂರು ನಾಲ್ಕು ಸೆಕೆಂಡಿನ ಮೌನ ತಡೆದುಕೊಳ್ಳುವುದು ಕಷ್ಟ. ಮನೆಯಲ್ಲಿ ಅಕ್ಕನ ಜೊತೆಗೋ, ರೂಮ್‌ಮೇಟ್ ಜೊತೆಗೋ ಕೂತು ಅಭ್ಯಾಸ ಮಾಡಿ.

ಈಗ ನಿಮ್ಮ ಸರದಿ

ಕೊನೆಯಲ್ಲಿ "ಏನಾದರೂ ಕೇಳೋದಿದೆಯಾ?" ಅಂತಾರೆ. ಹತ್ತರಲ್ಲಿ ಎಂಟು ಜನ "ಇಲ್ಲ ಸರ್" ಅಂತಾರೆ. ನಾನೂ ಹಾಗೇ ಅಂದಿದ್ದೆ, ಅದರ ಬೆಲೆ ತೆತ್ತೆ. ಒಂದು ಕಂಪನಿಯಲ್ಲಿ ಮೂರು ತಿಂಗಳು ಟಾರ್ಗೆಟ್ ಮುಟ್ಟಿ 11,000 ರೂಪಾಯಿ ಇನ್ಸೆಂಟಿವ್ ಬರಬೇಕಿತ್ತು. ಇಬ್ಬರು ಅಂಗಡಿಯವರು ಬಾಕಿ ಕಟ್ಟಿಲ್ಲ ಅಂತ ಪೂರ್ತಿ ಹಿಡಿದುಕೊಂಡರು. ವಸೂಲಿಯೂ ನನ್ನದೇ ಅಂತ ಸೇರುವಾಗ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ತಿಂಗಳು ತಂಗಿಯ ಕಾಲೇಜು ಫೀಸಿಗೆ ಸ್ನೇಹಿತನ ಹತ್ತಿರ ಕೈ ಒಡ್ಡಬೇಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಇವನ್ನು ಬರೆದುಕೊಂಡು ಹೋಗಿ ಕೇಳಿ. ತಿಂಗಳ ಟಾರ್ಗೆಟ್ ಎಷ್ಟು? ಈ ಟೀಮಿನಲ್ಲಿ ಹೋದ ತಿಂಗಳು ಎಷ್ಟು ಜನ ಮುಟ್ಟಿದರು? ನಿಜ ಹೇಳಿಸುವ ಪ್ರಶ್ನೆ ಇದೇ. ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ತಗೊಳ್ಳುತ್ತಾರೆ ಅಂತಲೂ ಗಮನಿಸಿ. ಇನ್ಸೆಂಟಿವ್ ಯಾವ ಸ್ಲ್ಯಾಬಿನಿಂದ ಶುರು, ನೂರಕ್ಕೆ ಎಂಬತ್ತು ಮುಟ್ಟದಿದ್ದರೆ ಏನೂ ಇಲ್ಲವಾ? ತಿಂಗಳಿಗಾ, ಮೂರು ತಿಂಗಳಿಗಾ? ಉದ್ರಿ ವಸೂಲಿ ಯಾರದು? ಪೆಟ್ರೋಲ್ ಖರ್ಚು ಕೊಡುತ್ತೀರಾ? ಈ ಜಾಗ ಯಾಕೆ ಖಾಲಿ ಆಯಿತು, ಮುಂಚೆ ಇದ್ದವರು ಎಷ್ಟು ದಿನ ಇದ್ದರು?

ಸಂಬಳದ ಲೆಕ್ಕವನ್ನು ಅಲ್ಲೇ ಹಾಳೆ ಮೇಲೆ ಹಾಕಿಸಿಕೊಳ್ಳಿ. "ಸಿಟಿಸಿ 3.6 ಲಕ್ಷ" (ಕಂಪನಿ ವರ್ಷಕ್ಕೆ ನಿಮಗಾಗಿ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 30,000 ಅಂತ ಮನಸ್ಸು ಕುಣಿಯುತ್ತದೆ. ಅದರಲ್ಲಿ 1.2 ಲಕ್ಷ ವೇರಿಯಬಲ್ (ಟಾರ್ಗೆಟ್ ಮುಟ್ಟಿದರೆ ಬರುವ ಭಾಗ) ಅಂದರೆ ಫಿಕ್ಸೆಡ್ ಉಳಿಯುವುದು ತಿಂಗಳಿಗೆ 20,000. ಬೇಸಿಕ್ 15,000 ಇದ್ದರೆ ಕಂಪನಿಯ ಪಾಲಿನ ಪಿಎಫ್ 1,800 ಸಾಮಾನ್ಯವಾಗಿ ಸಿಟಿಸಿ ಒಳಗೇ ಇರುತ್ತದೆ, ನಿಮ್ಮ ಪಾಲಿನದು ಇನ್ನೊಂದು 1,800. ಸಂಬಳ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೂಡ ಇರುತ್ತದೆ, ನಿಮ್ಮಿಂದ ನೂರಕ್ಕೆ 0.75 ಕಡಿತ. ಕೈಗೆ ಬರುವುದು 16,000 ಆಸುಪಾಸು. ಪಿಎಫ್, ಇಎಸ್‌ಐ ನಿಮಗೇ ಒಳ್ಳೆಯದು, ಅದನ್ನು ಬೇಡ ಅನ್ನಬೇಡಿ. ಆದರೆ ಕೈಗೆ ಬರುವ ಮೊತ್ತ ಗೊತ್ತಿರಬೇಕು. ಇನ್ನು ದಿನಕ್ಕೆ 60 ಕಿಲೋಮೀಟರ್ ಸುತ್ತಿದರೆ ತಿಂಗಳಲ್ಲಿ 25 ದಿನಕ್ಕೆ 1,500 ಕಿಲೋಮೀಟರ್. ಗಾಡಿ ಲೀಟರಿಗೆ 45 ಕೊಟ್ಟರೂ 33 ಲೀಟರ್ ಪೆಟ್ರೋಲ್ ಬೇಕು. ಮೂರು ಸಾವಿರಕ್ಕೂ ಜಾಸ್ತಿ ಅಲ್ಲೇ ಹೋಯಿತು. ಅದನ್ನು ಯಾರು ಕೊಡುತ್ತಾರೆ ಅನ್ನುವುದರ ಮೇಲೆ ನಿಮ್ಮ ಪಿಜಿ ಬಾಡಿಗೆ ನಿಂತಿದೆ.

ಹೆಣ್ಣುಮಕ್ಕಳು ಇನ್ನೂ ಕೆಲವು ಕೇಳಬೇಕು, ಸಂಕೋಚ ಬೇಡ. ಯಾವ ಏರಿಯಾ? ಸಂಜೆ ರಿಪೋರ್ಟಿಂಗ್ ಎಷ್ಟು ಹೊತ್ತಿಗೆ, ಎಲ್ಲಿ? ಫೀಲ್ಡಿನಲ್ಲಿ ಟಾಯ್ಲೆಟ್‌ಗೆ ಏನು ವ್ಯವಸ್ಥೆ? ನಮ್ಮ ಟೀಮಿನ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೆಲಸ ಮಾಡುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಒಬ್ಬಳು ಆಸ್ಪತ್ರೆ ಸೇರಿದ ಮೇಲೆ. ಈಗ ಪ್ರತಿ ಬೀಟ್‌ನಲ್ಲಿ (ಒಬ್ಬರು ಸುತ್ತುವ ಏರಿಯಾ) ಎರಡು ಮೂರು ಜಾಗ ಗುರುತು ಮಾಡಿ ಕೊಟ್ಟಿದ್ದೇವೆ. ಕೇಳಿದರೆ ಕಂಪನಿಗಳು ಮಾಡುತ್ತವೆ.

ಒಂದು ದಿನ ಮಾರ್ಕೆಟ್‌ಗೆ ಬನ್ನಿ ಅಂದರೆ

ಹೋಗಿ. ಒಂದು ದಿನ ಹಳೆಯ ಸೇಲ್ಸ್‌ಮನ್ ಜೊತೆ ತಿರುಗಿದರೆ ಕೆಲಸದ ಬಣ್ಣ ತಿಳಿಯುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ಅಣ್ಣಾ, ಸಂಬಳ ಸರಿಯಾಗಿ ಬರುತ್ತಾ?" ಅಂತ ಕೇಳಿ. ಆದರೆ ಒಂದು ವಾರ, ಹತ್ತು ದಿನ ಸಂಬಳ ಇಲ್ಲದೆ 'ಟ್ರಯಲ್' ಮಾಡಿ ಅಂದರೆ ಒಪ್ಪಬೇಡಿ. ನಿಮ್ಮ ಪರಿಚಯದವರ ನಂಬರ್‌ಗಳನ್ನು ಲೀಡ್ (ಮುಂದೆ ಗಿರಾಕಿ ಆಗಬಹುದಾದವರು) ಅಂತ ಕೇಳಿದರೂ ಕೊಡಬೇಡಿ.

ಆಫರ್ ಕೈಗೆ ಬಂದಾಗ

ವಾಟ್ಸ್ಆ್ಯಪ್‌ನಲ್ಲಿ "ಸೆಲೆಕ್ಟ್ ಆಗಿದ್ದೀರಿ" ಅಂತ ಬಂದದ್ದನ್ನು ನಂಬಿ ಇರುವ ಕೆಲಸ ಬಿಡಬೇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ. ಹಾಗಾಗಿ ಕೇಳಲು ಮುಜುಗರ ಬೇಡ. ಪತ್ರದಲ್ಲಿ ಫಿಕ್ಸೆಡ್ ಎಷ್ಟು, ಇನ್ಸೆಂಟಿವ್ ಲೆಕ್ಕ ಹೇಗೆ, ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಎಷ್ಟು ದಿನ ಅಂತ ಇರಬೇಕು. ಬಾಯಲ್ಲಿ ಹೇಳಿದ್ದು ಪತ್ರದಲ್ಲಿ ಇಲ್ಲದಿದ್ದರೆ, "ಇದನ್ನೂ ಸೇರಿಸಿ ಕಳಿಸ್ತೀರಾ?" ಅಂತ ಮೇಲ್ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಒಪ್ಪಿಸಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.

ಉತ್ತರವೇ ಬರದಿದ್ದರೆ

ಇಂಟರ್‌ವ್ಯೂ ಆದ ದಿನ ಸಂಜೆಯೇ ಒಂದು ಸಣ್ಣ ಮೆಸೇಜ್ ಹಾಕಿ. "ಸರ್, ಇವತ್ತು ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ರಾಜಾಜಿನಗರ ಬೀಟ್ ಬಗ್ಗೆ ನೀವು ಹೇಳಿದ್ದು ಕೇಳಿ ಆಸಕ್ತಿ ಜಾಸ್ತಿ ಆಯಿತು. ಯಾವಾಗ ತಿಳಿಸ್ತೀರಿ?" ಇಷ್ಟು ಸಾಕು. ಅವರು ಹೇಳಿದ ದಿನ ದಾಟಿದರೆ ಮಾರನೇ ದಿನ ಹನ್ನೊಂದು ಗಂಟೆ ಮೇಲೆ ಒಂದು ಸಲ ಫೋನ್ ಮಾಡಿ. ಬೆಳಿಗ್ಗೆ ಒಂಬತ್ತೂವರೆಗೆ ಬೇಡ, ಆಗ ಎಲ್ಲಾ ಸೇಲ್ಸ್ ಆಫೀಸಿನಲ್ಲೂ ಮೀಟಿಂಗ್ ನಡೆಯುತ್ತಿರುತ್ತದೆ. ಬೇಡ ಅಂದರೆ, "ಎಲ್ಲಿ ಕಮ್ಮಿ ಆಯ್ತು ಸರ್, ಹೇಳಿದರೆ ಮುಂದಿನ ಸಲ ಸರಿ ಮಾಡ್ಕೋತೀನಿ" ಅಂತ ಕೇಳಿ, ಪೆನ್ನು ಹಿಡಿದು ಬರೆದುಕೊಳ್ಳಿ. ನನಗೆ ಹಾಗೆ ಫೋನ್ ಮಾಡಿ ಕೇಳಿದ ಇಬ್ಬರನ್ನು ಎರಡು ತಿಂಗಳಾದ ಮೇಲೆ ಬೇರೆ ಜಾಗ ಖಾಲಿ ಆದಾಗ ನಾನೇ ಕರೆಸಿಕೊಂಡೆ. ಒಬ್ಬ ಈಗ ಯಶವಂತಪುರ ಏರಿಯಾ ನೋಡಿಕೊಳ್ಳುತ್ತಿದ್ದಾನೆ.